ದಕ್ಷಿಣ ಟವರ್‌ಗೆ ತಲುಪದ ಮಾತು

ದೇವನಹಳ್ಳಿಯ ಬಯಲಿನಲ್ಲಿ ಬೆಳಗು ಹರಿಯುವುದೇ ಎಂಜಿನ್ನುಗಳ ಮೊರೆತದೊಂದಿಗೆ. ನಂದಿಬೆಟ್ಟದ ಸಾಲು ಇನ್ನೂ ಮಸುಕಾಗಿ ಕಾಣುತ್ತಿರುವಾಗಲೇ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಟ್ಯಾಕ್ಸಿವೇಗಳಲ್ಲಿ ವಿಮಾನಗಳು ಒಂದರ ಹಿಂದೊಂದು ಸಾಲುಗಟ್ಟಿರುತ್ತವೆ. ದೆಹಲಿಗೆ ಹೋಗುವವರು, ಮುಂಬೈಗೆ ಹೋಗುವವರು, ಮದುವೆಗೆ, ಸಂದರ್ಶನಕ್ಕೆ, ಆಸ್ಪತ್ರೆಗೆ ಹೊರಟವರು ಸೀಟ್ ಬೆಲ್ಟ್ ಬಿಗಿದುಕೊಂಡು ಕಿಟಕಿಯಾಚೆ ನೋಡುತ್ತಿರುತ್ತಾರೆ. ಅವರ ಕಣ್ಣಿಗೆ ಬೀಳುವುದು ನಾಲ್ಕು ಕಿಲೋಮೀಟರ್ ಉದ್ದದ ಒಂದು ರನ್‌ವೇ. ಅದಕ್ಕೆ ಸಮಾನಾಂತರವಾಗಿ ಅಷ್ಟೇ ಉದ್ದದ ಇನ್ನೊಂದು ಇದೆ. 2008ರ ಮೇ ತಿಂಗಳಲ್ಲಿ ನಿಲ್ದಾಣ ಬಾಗಿಲು ತೆರೆದಾಗ ಇದ್ದದ್ದು ಉತ್ತರದ ರನ್‌ವೇ ಒಂದೇ. ದಕ್ಷಿಣದ್ದು 2019ರ ಡಿಸೆಂಬರ್ 6ರಂದು ಸೇವೆಗೆ ಬಂತು. ದಾರಿ ಎರಡಾದ ಮೇಲೆ ಕಾಯುವ ಹೊತ್ತು ಕಡಿಮೆಯಾಯಿತು. ಅದರ ಜೊತೆಗೇ ಒಂದು ದಾರಿಯ ಸುದ್ದಿಯನ್ನು ಇನ್ನೊಂದು ದಾರಿಗೆ ಮುಟ್ಟಿಸುವ ಕೆಲಸವೂ ಹುಟ್ಟಿಕೊಂಡಿತು.

ಆ ಕೆಲಸ ನಡೆಯುವುದು ನೆಲದಿಂದ ಬಹಳ ಎತ್ತರದಲ್ಲಿ. ವಿಮಾನ ನಿಲ್ದಾಣದ ಟವರ್ ಎಲ್ಲರಿಗೂ ಕಾಣುತ್ತದೆ, ಒಳಗೆ ಕಾಲಿಟ್ಟವರು ಮಾತ್ರ ಕಡಿಮೆ. ತುದಿಯಲ್ಲಿರುವುದು ಸುತ್ತಲೂ ಗಾಜಿನ ಗೋಡೆಯ ಒಂದು ಕೋಣೆ. ಆ ಗಾಜು ನೆಟ್ಟಗೆ ನಿಂತಿರುವುದಿಲ್ಲ, ಮೇಲ್ಭಾಗ ಹೊರಕ್ಕೆ ಬಾಗಿರುತ್ತದೆ. ಒಳಗಿನ ಪರದೆಗಳ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ಹೊರಗಿನ ರನ್‌ವೇ ಮರೆಯಾಗದಿರಲಿ ಎಂಬ ಎಚ್ಚರಿಕೆ ಅದು. ಗಾಳಿಯ ದಿಕ್ಕು, ವೇಗ ತೋರಿಸುವ ಪರದೆ ಕೈಗೆಟುಕುವಲ್ಲೇ ಇರುತ್ತದೆ. ಅದರ ಪಕ್ಕದಲ್ಲಿ ದುರ್ಬೀನು. ರೇಡಿಯೋ ಕೈಕೊಟ್ಟರೆ ಪೈಲಟ್‌ಗೆ ಹಸಿರು, ಕೆಂಪು, ಬಿಳಿ ಬೆಳಕಿನಲ್ಲೇ ಸೂಚನೆ ಕೊಡುವ ಸಿಗ್ನಲ್ ದೀಪವೂ ಅಲ್ಲಿರುತ್ತದೆ. ಸಿನಿಮಾದಲ್ಲಿ ಕಾಣುವ ಕೂಗಾಟ, ಓಡಾಟ ಏನೂ ಇಲ್ಲ. ಹೆಡ್‌ಸೆಟ್ ಹಾಕಿಕೊಂಡವರು ತಗ್ಗಿದ ದನಿಯಲ್ಲಿ, ಒಂದೇ ಲಯದಲ್ಲಿ ಮಾತಾಡುತ್ತಿರುತ್ತಾರೆ. ಹೊರಗಿನವರು ಹೋಗಿ ನಿಂತರೆ ಇಲ್ಲಿ ಅಂಥದ್ದೇನೂ ನಡೆಯುತ್ತಿಲ್ಲ ಅನ್ನಿಸುವಷ್ಟು ಶಾಂತ.

ಆ ತಗ್ಗಿದ ದನಿಗಳೇ ವಿಮಾನವನ್ನು ನಡೆಸುತ್ತವೆ. ಹೊರಡುವ ಮುಂಚೆ ಪೈಲಟ್ ಮೊದಲು ಮಾತಾಡುವುದು ‘ಡೆಲಿವರಿ’ ಜೊತೆ. ಯಾವ ಮಾರ್ಗ, ಎಷ್ಟು ಎತ್ತರ ಎಂಬ ಅನುಮತಿ ಅಲ್ಲಿ ಸಿಗುತ್ತದೆ. ಗೇಟಿನಿಂದ ಹಿಂದೆ ಸರಿದು ಟ್ಯಾಕ್ಸಿವೇ ಹಿಡಿಯಲು ‘ಗ್ರೌಂಡ್’ ಕಂಟ್ರೋಲರ್ ಹೇಳಬೇಕು. ರನ್‌ವೇ ಮಾತ್ರ ‘ಟವರ್’ ಕಂಟ್ರೋಲರ್‌ನ ಸೊತ್ತು. ಅವರ ಅಪ್ಪಣೆಯಿಲ್ಲದೆ ವಿಮಾನವಿರಲಿ, ಹುಲ್ಲು ಕತ್ತರಿಸುವ ಯಂತ್ರವೂ ಅದರ ಮೇಲೆ ಚಕ್ರ ಇಡುವಂತಿಲ್ಲ. ನೆಲ ಬಿಟ್ಟ ವಿಮಾನ ‘ಅಪ್ರೋಚ್’ ರೇಡಾರ್‌ನವರ ವಶಕ್ಕೆ ಹೋಗುತ್ತದೆ. ಅವರಿಗೆ ಕಾಣುವುದು ರನ್‌ವೇಯಲ್ಲ, ರೇಡಾರ್ ಪರದೆಯ ಚುಕ್ಕೆಗಳು. ಅಲ್ಲಿಂದ ಮುಂದೆ ‘ಏರಿಯಾ ಕಂಟ್ರೋಲ್’. ಬೆಂಗಳೂರಿನಿಂದ ಕೋಲ್ಕತ್ತಕ್ಕೆ ಹೋಗುವ ಪ್ರಯಾಣಿಕ ಒಂದೇ ಸೀಟಿನಲ್ಲಿ ಕೂತಿದ್ದರೂ ಅವನ ವಿಮಾನ ಇಷ್ಟೂ ಜನರ ಕೈ ದಾಟಿ ಹೋಗುತ್ತದೆ.

ಈ ಕೈಬದಲಾವಣೆಗೆ ಬಹಳ ಕಾಲ ಸಾಕ್ಷಿಯಾಗಿದ್ದದ್ದು ಒಂದು ಕಾಗದದ ಚೂರು. ಅದರ ಹೆಸರು ‘ಫ್ಲೈಟ್ ಪ್ರೋಗ್ರೆಸ್ ಸ್ಟ್ರಿಪ್’, ಕಂಟ್ರೋಲರ್‌ಗಳ ಬಾಯಲ್ಲಿ ಬರೀ ‘ಸ್ಟ್ರಿಪ್’. ಅಂಗುಲದಗಲದ ಉದ್ದ ಪಟ್ಟಿ. ಅದರಲ್ಲಿ ವಿಮಾನದ ಕರೆಹೆಸರು, ಮಾದರಿ, ಹೋಗುವ ಊರು, ಮಾರ್ಗ, ಎತ್ತರ ಎಲ್ಲ ಚೌಕ ಚೌಕಗಳಲ್ಲಿ ಅಚ್ಚಾಗಿರುತ್ತವೆ. ಪ್ಲಾಸ್ಟಿಕ್ ಹಿಡಿಕೆಯೊಳಗೆ ತೂರಿಸಿ ಮುಂದಿನ ಹಲಗೆಯ ಮೇಲೆ ಸಾಲಾಗಿ ಇಡುತ್ತಾರೆ. ಅನುಮತಿ ಕೊಟ್ಟ ಕೂಡಲೇ ಪೆನ್ನಿನಲ್ಲಿ ಒಂದು ಗುರುತು, ಸಮಯ ಬದಲಾದರೆ ಇನ್ನೊಂದು ಗುರುತು. ಗ್ರೌಂಡ್ ಕಂಟ್ರೋಲರ್‌ನ ಹಲಗೆಯಿಂದ ಟವರ್ ಕಂಟ್ರೋಲರ್‌ನ ಹಲಗೆಗೆ ಸ್ಟ್ರಿಪ್ ದಾಟಿತೆಂದರೆ ಆ ವಿಮಾನದ ಹೊಣೆಯೂ ದಾಟಿತು ಎಂದರ್ಥ. ಈಗ ಅನೇಕ ಟವರ್‌ಗಳಲ್ಲಿ ಸ್ಟ್ರಿಪ್ ಕಂಪ್ಯೂಟರ್ ಪರದೆಗೆ ಏರಿದೆ, ಬೆರಳಲ್ಲೇ ಸರಿಸುತ್ತಾರೆ. ಕಾಗದವಿರಲಿ, ಪರದೆಯಿರಲಿ, ಅದು ಹೇಳುವ ಸಂಗತಿ ಒಂದೇ: ಈ ವಿಮಾನ ಈಗ ಯಾರದ್ದು, ಎಲ್ಲಿದೆ, ಅದಕ್ಕೆ ಏನು ಹೇಳಿದ್ದಾಗಿದೆ.

ಇನ್ನೊಂದು ಕಟ್ಟುಪಾಡು ರೀಡ್‌ಬ್ಯಾಕ್. ಕಂಟ್ರೋಲರ್ ರನ್‌ವೇ ಸಂಖ್ಯೆ ಹೇಳಿ ಟೇಕಾಫ್‌ಗೆ ಅನುಮತಿ ಕೊಟ್ಟರೆ ಪೈಲಟ್ ಸುಮ್ಮನೆ ‘ಸರಿ’ ಅಂದು ಹೊರಡುವಂತಿಲ್ಲ. ರನ್‌ವೇ ಸಂಖ್ಯೆ, ಅನುಮತಿ, ತನ್ನ ಕರೆಹೆಸರು ಮೂರನ್ನೂ ತಿರುಗಿ ಹೇಳಬೇಕು. ಹೇಳಿದವರು ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಅಲ್ಲೇ ತಿದ್ದಬೇಕು. ಕಂಟ್ರೋಲರ್ ಮತ್ತು ಪೈಲಟ್ ನಡುವಿನ ಈ ಶಿಸ್ತು ಜಗತ್ತಿನಾದ್ಯಂತ ಗಟ್ಟಿಯಾಗಿ ನೆಲೆಯೂರಿದೆ. ಕಂಟ್ರೋಲರ್ ಮತ್ತು ಕಂಟ್ರೋಲರ್ ನಡುವೆ, ಅಂದರೆ ಪಕ್ಕದ ಕುರ್ಚಿಗೋ ಇಂಟರ್‌ಕಾಮ್‌ನ ಆಚೆ ತುದಿಗೋ ಮಾತು ದಾಟುವಾಗಲೂ ಇದೇ ಶಿಸ್ತು ಬೇಕು. ಅಲ್ಲಿ ಅದು ಸಡಿಲವಾದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ.

2022ರ ಜನವರಿ 7, ಬೆಳಗಿನ ಹೊತ್ತು. ಉತ್ತರದ ರನ್‌ವೇಯಿಂದ ವಿಮಾನಗಳು ಏರುತ್ತಿದ್ದವು, ದಕ್ಷಿಣದ ರನ್‌ವೇಗೆ ಇಳಿಯುತ್ತಿದ್ದವು. ಉತ್ತರಕ್ಕೊಬ್ಬರು, ದಕ್ಷಿಣಕ್ಕೊಬ್ಬರು ಟವರ್ ಕಂಟ್ರೋಲರ್. ಈ ನಡುವೆ ಶಿಫ್ಟ್ ಇನ್‌ಚಾರ್ಜ್ ಒಂದು ನಿರ್ಧಾರ ಮಾಡಿದರು: ದಕ್ಷಿಣದ ರನ್‌ವೇ ನಿಲ್ಲಿಸಿ, ಏರುವುದು, ಇಳಿಯುವುದು ಎರಡನ್ನೂ ಉತ್ತರದಲ್ಲೇ ನಡೆಸುವುದು. ಇಂಥ ನಿರ್ಧಾರ ವಿಶೇಷವೇನಲ್ಲ. ದಟ್ಟಣೆ, ಗಾಳಿ, ದುರಸ್ತಿ ನೋಡಿಕೊಂಡು ರನ್‌ವೇ ಬದಲಿಸುವುದು ವಿಮಾನ ನಿಲ್ದಾಣದ ನಿತ್ಯದ ಕೆಲಸ. ಆದರೆ ದಕ್ಷಿಣದ ರನ್‌ವೇ ನಿಂತಿದೆ ಎಂಬ ಮಾತು ದಕ್ಷಿಣ ಟವರ್ ಕಂಟ್ರೋಲರ್‌ಗೆ ತಲುಪಲಿಲ್ಲ.

ಅವರ ಪಾಲಿಗೆ ದಕ್ಷಿಣದ ರನ್‌ವೇ ಇನ್ನೂ ತೆರೆದೇ ಇತ್ತು. ಕೋಲ್ಕತ್ತಕ್ಕೆ ಹೊರಟಿದ್ದ ಇಂಡಿಗೋ ವಿಮಾನಕ್ಕೆ ಅವರು ಹೊರಡಲು ಅನುಮತಿ ಕೊಟ್ಟರು. ಅದೇ ಹೊತ್ತಿಗೆ ಉತ್ತರ ಟವರ್ ಕಂಟ್ರೋಲರ್ ಭುವನೇಶ್ವರಕ್ಕೆ ಹೊರಟಿದ್ದ ಇನ್ನೊಂದು ಇಂಡಿಗೋ ವಿಮಾನಕ್ಕೆ ಅನುಮತಿ ಕೊಟ್ಟರು. ಪರಸ್ಪರ ಒಂದು ಮಾತೂ ಆಗಿರಲಿಲ್ಲ. ಎರಡೂ ವಿಮಾನಗಳು ಸಮಾನಾಂತರ ರನ್‌ವೇಗಳಿಂದ ಒಂದೇ ದಿಕ್ಕಿಗೆ ಏರಿದವು. ಕೋಲ್ಕತ್ತ, ಭುವನೇಶ್ವರ ಎರಡೂ ಬೆಂಗಳೂರಿಗೆ ಈಶಾನ್ಯದಲ್ಲಿರುವ ಊರುಗಳು. ನೆಲ ಬಿಟ್ಟ ಎರಡೂ ವಿಮಾನಗಳ ಹಾದಿಗಳು ಒಂದಕ್ಕೊಂದು ಹತ್ತಿರವಾಗತೊಡಗಿದವು.

ಒಂದರಲ್ಲಿ 176 ಪ್ರಯಾಣಿಕರು, ಆರು ಸಿಬ್ಬಂದಿ. ಇನ್ನೊಂದರಲ್ಲಿ 238 ಪ್ರಯಾಣಿಕರು, ಆರು ಸಿಬ್ಬಂದಿ. ಒಟ್ಟು 426 ಜೀವ. ಗಂಟೆಗೆ 300 ಕಿಲೋಮೀಟರ್ ವೇಗದ ವಿಮಾನ ಒಂದು ಸೆಕೆಂಡಿಗೆ ಎಂಬತ್ತು ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಡಿಕ್ಕಿ ತಪ್ಪಿಸುವ ಯಂತ್ರ ವಿಮಾನದೊಳಗೇ ಇರುತ್ತದಲ್ಲ ಎಂದು ಕೇಳಬಹುದು. ಇರುತ್ತದೆ, ನಿಜ. ‘ಮೇಲೇರು’, ‘ಕೆಳಗಿಳಿ’ ಎಂದು ಪೈಲಟ್‌ಗೆ ಆದೇಶಿಸುವ ಆ ಟಿಕಾಸ್ ಸಾಧನ ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಅಂಥ ಆದೇಶ ಕೊಡುವುದಿಲ್ಲ, ಹಾಗೆಂದೇ ಅದನ್ನು ರೂಪಿಸಿದ್ದಾರೆ. ಆಗತಾನೇ ನೆಲ ಬಿಟ್ಟ ವಿಮಾನಕ್ಕೆ ಮೊದಲ ಕಾವಲು ಇಂದಿಗೂ ಮನುಷ್ಯನ ಕಣ್ಣು ಮತ್ತು ಮಾತು.

ಆ ದಿನ ಕಾಯ್ದದ್ದೂ ಅವೇ. ಅಪ್ರೋಚ್ ರೇಡಾರ್ ಮುಂದೆ ಕೂತಿದ್ದ ಕಂಟ್ರೋಲರ್‌ಗೆ ಎರಡು ಚುಕ್ಕೆಗಳು ಒಂದರತ್ತ ಒಂದು ವಾಲುತ್ತಿರುವುದು ಕಂಡಿತು. ತಡಮಾಡದೆ ಒಂದಕ್ಕೊಂದು ದೂರವಾಗುವ ದಿಕ್ಕು ಹೇಳಿದರು. ವಿಮಾನಗಳು ಹೊರಳಿದವು, ತಮ್ಮ ತಮ್ಮ ಊರು ಸೇರಿದವು. ಏನಾಗಬಹುದಿತ್ತು ಎಂಬುದು ಒಳಗೆ ಕೂತವರಿಗೆ ಗೊತ್ತೂ ಆಗಲಿಲ್ಲ.

ಈ ಘಟನೆಯಲ್ಲಿ ಕೆಲಸ ಬಾರದವರು ಯಾರೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ದಕ್ಷಿಣದ ಕಂಟ್ರೋಲರ್ ತನಗೆ ಗೊತ್ತಿದ್ದ ಮಟ್ಟಿಗೆ ಸರಿಯಾಗಿಯೇ ಅನುಮತಿ ಕೊಟ್ಟಿದ್ದರು. ಉತ್ತರದವರೂ ಹಾಗೆಯೇ. ಪೈಲಟ್‌ಗಳು ಅನುಮತಿ ಪಡೆದೇ ಹೊರಟಿದ್ದರು. ಇಬ್ಬರು ಕಂಟ್ರೋಲರ್‌ಗಳ ನಡುವಿನ ಜಾಗದಲ್ಲಿ ತಪ್ಪು ಕೂತಿತ್ತು. ಎರಡು ರನ್‌ವೇಗಳಿಗೆ ಬೇರೆ ಬೇರೆ ಫ್ರೀಕ್ವೆನ್ಸಿ ಇರುವ ಕಡೆ ಒಂದು ವಿಮಾನಕ್ಕೆ ಹೇಳಿದ ಮಾತು ಇನ್ನೊಂದರ ಪೈಲಟ್ ಕಿವಿಗೆ ಬೀಳುವುದಿಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿದ್ದರೆ ‘ಇದೇನು, ಇನ್ನೊಬ್ಬರಿಗೂ ಅಪ್ಪಣೆ ಆಯಿತಲ್ಲ’ ಎಂದು ಯಾರಾದರೂ ಎಚ್ಚರಿಸುವ ಅವಕಾಶ ಉಂಟು. ಬೇರೆಯಾದಾಗ ಆ ಅವಕಾಶವೂ ಇಲ್ಲ. ಹಾಗಾಗಿ ಎರಡನ್ನೂ ಬೆಸೆಯುವ ಹೊಣೆ ಪೂರ್ತಿಯಾಗಿ ಟವರ್‌ನವರ ಮೇಲೆ ಬೀಳುತ್ತದೆ.

ಕಂಟ್ರೋಲರ್‌ಗಳನ್ನು ಕೇಳಿದರೆ ದಟ್ಟಣೆಯ ಹೊತ್ತಿಗಿಂತ ಬದಲಾವಣೆಯ ಹೊತ್ತಿಗೆ ಹೆಚ್ಚು ಹೆದರುತ್ತೇವೆ ಅನ್ನುತ್ತಾರೆ. ವಿಮಾನಗಳು ಮುಗಿಬಿದ್ದಾಗ ಮೈಯೆಲ್ಲ ಕಣ್ಣಾಗಿರುತ್ತದೆ. ರನ್‌ವೇ ಬದಲಾಗುವಾಗ, ಗಾಳಿ ತಿರುಗಿದಾಗ, ಎರಡು ಕುರ್ಚಿಗಳ ಕೆಲಸವನ್ನು ಒಂದಕ್ಕೆ ಸೇರಿಸುವಾಗ, ಶಿಫ್ಟ್ ಮುಗಿದು ಇನ್ನೊಬ್ಬರು ಬಂದು ಕೂರುವಾಗ ಹಾಗಲ್ಲ. ಹಳೆಯ ಚಿತ್ರ ಒಬ್ಬರ ತಲೆಯಲ್ಲಿ, ಹೊಸ ಚಿತ್ರ ಇನ್ನೊಬ್ಬರ ತಲೆಯಲ್ಲಿ ಉಳಿದುಬಿಡುತ್ತದೆ. ಇದಕ್ಕೆಂದೇ ಕುರ್ಚಿ ಬಿಟ್ಟುಕೊಡುವುದಕ್ಕೂ ಒಂದು ವಿಧಿ ಇದೆ. ಬಂದವರು ತಮ್ಮ ಹೆಡ್‌ಸೆಟ್ ಅನ್ನು ಪಕ್ಕದಲ್ಲೇ ಜೋಡಿಸಿಕೊಂಡು ಕೆಲ ನಿಮಿಷ ಬರೀ ಕೇಳುತ್ತಾರೆ. ಹೋಗುವವರು ಪಟ್ಟಿ ಹಿಡಿದು ಒಂದೊಂದೇ ಹೇಳುತ್ತಾರೆ: ಹವೆ ಹೇಗಿದೆ, ಯಾವ ರನ್‌ವೇ ನಡೆಯುತ್ತಿದೆ, ಯಾವ ಉಪಕರಣ ಕೆಟ್ಟಿದೆ, ರನ್‌ವೇ ಮೇಲೆ ಯಾವ ವಾಹನ ಇದೆ, ಯಾವ ವಿಮಾನಕ್ಕೆ ಏನು ಮಾತು ಕೊಟ್ಟಿದ್ದೇನೆ. ಕುರ್ಚಿ ಬಿಟ್ಟ ಮೇಲೂ ತುಸು ಹೊತ್ತು ಬೆನ್ನಿಗೇ ನಿಂತಿರುತ್ತಾರೆ. ಮಡಿಲಿನಿಂದ ಮಡಿಲಿಗೆ ಕೂಸನ್ನು ದಾಟಿಸುವಾಗ, ಪಡೆದವರು ‘ಹಿಡಿದೆ’ ಅನ್ನುವ ತನಕ ಕೊಟ್ಟವರು ಕೈ ಸಡಿಲಿಸುವುದಿಲ್ಲ. ಟವರ್‌ನೊಳಗಿನ ಹಸ್ತಾಂತರವೂ ಅಷ್ಟು ಖಚಿತವಾಗಿರಬೇಕು.

ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ 1991ರ ಫೆಬ್ರುವರಿ 1ರ ಸಂಜೆ ಕೂಸನ್ನು ದಾಟಿಸುವ ಈ ಸರಪಳಿ ಕಡಿದಿತ್ತು. ಕತ್ತಲಾಗಿತ್ತು, ಗಂಟೆ ಆರು ದಾಟಿತ್ತು. ನೆಲದ ಮೇಲಿನ ವಿಮಾನಗಳನ್ನು ತೋರಿಸುವ ರೇಡಾರ್ ಆ ದಿನ ಕೆಲಸ ಮಾಡುತ್ತಿರಲಿಲ್ಲ. ಟರ್ಮಿನಲ್‌ನ ಪ್ರಖರ ದೀಪಗಳಿಂದಾಗಿ ರನ್‌ವೇಯ ಒಂದು ಭಾಗ ಟವರ್‌ನಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಟವರ್ ಕಂಟ್ರೋಲರ್ ಸ್ಕೈವೆಸ್ಟ್ ಸಂಸ್ಥೆಯ ಪುಟ್ಟ ವಿಮಾನವೊಂದನ್ನು ರನ್‌ವೇಯ ಮಧ್ಯದ ಕೂಡುದಾರಿಯಿಂದ ಒಳಗೆ ಬಿಟ್ಟು, ಅಲ್ಲೇ ಕಾಯಲು ಹೇಳಿದರು. ಅಷ್ಟರಲ್ಲಿ ಇನ್ನೊಂದು ವಿಮಾನದ ಪೈಲಟ್ ಫ್ರೀಕ್ವೆನ್ಸಿಯಿಂದ ಕಾಣೆಯಾದ. ಅವನನ್ನು ಮತ್ತೆ ಮತ್ತೆ ಕರೆಯಬೇಕಾಯಿತು. ಬೆನ್ನಿಗೇ ಮತ್ತೊಂದು ಪುಟ್ಟ ವಿಮಾನ ‘ಟೇಕಾಫ್‌ಗೆ ಸಿದ್ಧ’ ಎಂದಿತು. ಆ ವಿಮಾನದ ಸ್ಟ್ರಿಪ್ ಅವರ ಮುಂದೆ ಇರಲೇ ಇಲ್ಲ. ಡೆಲಿವರಿ ಸ್ಥಾನದಲ್ಲಿ ಅದು ತಪ್ಪು ಜಾಗದಲ್ಲಿ ಉಳಿದುಬಿಟ್ಟಿತ್ತು. ಅದನ್ನು ಹುಡುಕುವ ಗಡಿಬಿಡಿಯಲ್ಲಿ ರನ್‌ವೇ ಮೇಲೆ ಕಾಯುತ್ತಿದ್ದ ಮೊದಲ ವಿಮಾನ ಮನಸ್ಸಿನಿಂದ ಜಾರಿತು. ಕಣ್ಣೆದುರು ಸಾಗುತ್ತಿದ್ದ ಅದೇ ಮಾದರಿಯ ಇನ್ನೊಂದು ವಿಮಾನವನ್ನು ಅವರು ಸ್ಕೈವೆಸ್ಟ್ ಎಂದೇ ತಿಳಿದರು. ಯುಎಸ್ಏರ್‌ನ ಬೋಯಿಂಗ್ 737ಕ್ಕೆ ಅದೇ ರನ್‌ವೇಯಲ್ಲಿ ಇಳಿಯಲು ಅನುಮತಿ ಸಿಕ್ಕಿತು.

ಪುಟ್ಟ ವಿಮಾನದಲ್ಲಿದ್ದ 12 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಎರಡೂ ವಿಮಾನ ಸೇರಿ 35 ಜನ ಸತ್ತರು. ಆ ಕಂಟ್ರೋಲರ್ ತಪ್ಪನ್ನು ಮುಚ್ಚಿಡಲಿಲ್ಲ, ತನ್ನ ಕಣ್ತಪ್ಪಿನಿಂದ ಆದದ್ದೆಂದು ಒಪ್ಪಿಕೊಂಡರು. ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅಷ್ಟಕ್ಕೇ ಕಡತ ಮುಚ್ಚಲಿಲ್ಲ. ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸುವ ಏರ್ಪಾಡನ್ನು ಟವರ್‌ನ ಆಡಳಿತ ಯಾಕೆ ಮಾಡಿರಲಿಲ್ಲ ಎಂದು ಕೇಳಿತು, ಅಪಘಾತದ ಕಾರಣದ ಸ್ಥಾನದಲ್ಲಿ ಆ ಆಡಳಿತವನ್ನೂ ಮೇಲಿನ ಇಲಾಖೆಯನ್ನೂ ನಿಲ್ಲಿಸಿತು. ಮನುಷ್ಯ ಮರೆಯುತ್ತಾನೆ ಎಂಬುದು ಹೊಸ ಸಂಗತಿಯಲ್ಲ. ಮರೆವನ್ನು ಹಿಡಿದು ನಿಲ್ಲಿಸುವ ಎರಡನೇ ಕೈ ಅಲ್ಲಿರಲಿಲ್ಲ ಎಂಬುದೇ ದೋಷ.

ಯೂರೋಪಿನ ಯೂಬರ್‌ಲಿಂಗೆನ್ ದುರಂತ ಇದಕ್ಕಿಂತಲೂ ಕಠಿಣ ಪಾಠ. ಅದು ಟವರ್‌ನದ್ದಲ್ಲ, ಎತ್ತರದ ವಿಮಾನಗಳನ್ನು ನೋಡಿಕೊಳ್ಳುವ ಜ್ಯೂರಿಕ್ ನಿಯಂತ್ರಣ ಕೇಂದ್ರದ್ದು. 2002ರ ಜುಲೈ 1ರ ರಾತ್ರಿ ಪಾಳಿಯಲ್ಲಿ ಇಬ್ಬರಿದ್ದರು. ಒಬ್ಬರು ವಿಶ್ರಾಂತಿಗೆ ಹೋಗಿದ್ದರು, ಅದು ಅಲ್ಲಿ ನಡೆದುಕೊಂಡು ಬಂದ ರೂಢಿ. ಉಳಿದ ಒಬ್ಬರು ಎರಡು ಪರದೆ ನೋಡಿಕೊಳ್ಳಬೇಕಿತ್ತು. ನಿರ್ವಹಣೆಯ ಕೆಲಸಕ್ಕಾಗಿ ಮುಖ್ಯ ಫೋನ್ ವ್ಯವಸ್ಥೆ ನಿಲ್ಲಿಸಲಾಗಿತ್ತು, ಬದಲಿ ಲೈನ್ ಕೆಟ್ಟಿತ್ತು. ತಡವಾಗಿ ಬಂದ ವಿಮಾನವೊಂದನ್ನು ಪಕ್ಕದ ಫ್ರೀಡ್ರಿಕ್ಸ್‌ಹಾಫೆನ್ ನಿಲ್ದಾಣಕ್ಕೆ ಒಪ್ಪಿಸಲು ಅವರು ಫೋನ್ ತಿರುಗಿಸುತ್ತಲೇ ಇದ್ದರು. ಅತ್ತ ಜರ್ಮನಿಯ ಕಾರ್ಲ್ಸ್‌ರೂಹೆ ಕೇಂದ್ರದವರಿಗೆ ಎರಡು ವಿಮಾನಗಳು ಡಿಕ್ಕಿಯ ಹಾದಿಯಲ್ಲಿರುವುದು ಪರದೆಯ ಮೇಲೆ ಕಂಡಿತ್ತು. ಅವರೂ ಜ್ಯೂರಿಕ್‌ಗೆ ಫೋನ್ ಮಾಡಿದರು, ಲೈನ್ ಸಿಗಲಿಲ್ಲ. ಅಪಾಯ ಕಂಡವರ ಬಳಿ ಆ ವಿಮಾನಗಳ ಹೊಣೆ ಇರಲಿಲ್ಲ, ಹೊಣೆ ಹೊತ್ತವರಿಗೆ ಅಪಾಯ ಕಾಣುವುದು ತಡವಾಯಿತು. ಆಕಾಶದಲ್ಲೇ 71 ಜನ ಸತ್ತರು. ಅವರಲ್ಲಿ ಹೆಚ್ಚಿನವರು ರಜೆಗೆ ಹೊರಟಿದ್ದ ಶಾಲಾ ಮಕ್ಕಳು.

ಎರಡು ವರ್ಷ ತುಂಬುವ ಮುನ್ನ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬ ಆ ಕಂಟ್ರೋಲರ್‌ನನ್ನು ಮನೆಬಾಗಿಲಲ್ಲೇ ಇರಿದು ಕೊಂದ. 2007ರಲ್ಲಿ ಸ್ವಿಸ್ ನ್ಯಾಯಾಲಯ ಅದೇ ನಿಯಂತ್ರಣ ಸಂಸ್ಥೆಯ ನಾಲ್ವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಫೋನ್ ನಿಲ್ಲಿಸಿದವರು, ರಾತ್ರಿ ಒಬ್ಬರನ್ನೇ ಕೂರಿಸುವ ರೂಢಿಯನ್ನು ಸಹಿಸಿಕೊಂಡವರು ನ್ಯಾಯದ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. ಜನರ ಸಿಟ್ಟು ಮೊದಲು ಹುಡುಕುವುದು ಕೊನೆಗೆ ಮೈಕ್ ಹಿಡಿದವರನ್ನು.

ಕೆಟ್ಟ ಫೋನ್ ಇಪ್ಪತ್ತು ವರ್ಷ ಹಿಂದಿನ ಕಥೆ ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣದ ಬಳಿ 2025ರ ಜನವರಿ 29ರ ರಾತ್ರಿ ಪ್ರಯಾಣಿಕ ವಿಮಾನಕ್ಕೆ ಸೇನಾ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಜನ ಸತ್ತರು. ಹೆಲಿಕಾಪ್ಟರುಗಳನ್ನು ನೋಡಿಕೊಳ್ಳುವ ಕೆಲಸ ಮತ್ತು ವಿಮಾನಗಳನ್ನು ನೋಡಿಕೊಳ್ಳುವ ಕೆಲಸ ಎರಡೂ ಆ ಹೊತ್ತಿಗೆ ಒಬ್ಬರೇ ಕಂಟ್ರೋಲರ್‌ನ ಕೈಯಲ್ಲಿದ್ದವು. ಮೇ 1ರಂದು ಇನ್ನೊಂದು ಸೇನಾ ಹೆಲಿಕಾಪ್ಟರ್ ಅದೇ ಪ್ರದೇಶಕ್ಕೆ ಬಂದಾಗ ಇಳಿಯುತ್ತಿದ್ದ ಎರಡು ವಿಮಾನಗಳನ್ನು ಮತ್ತೆ ಮೇಲಕ್ಕೆ ಕಳಿಸಬೇಕಾಯಿತು. ಆಗ ಸಂಗತಿ ಹೊರಬಿತ್ತು: ಟವರ್ ಮತ್ತು ಪೆಂಟಗನ್ ನಡುವಿನ ಹಾಟ್‌ಲೈನ್ 2022ರ ಮಾರ್ಚ್‌ನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಮೂರು ವರ್ಷ ಆ ಲೈನ್ ಸತ್ತಿರುವುದು ಹೊಣೆ ಹೊತ್ತ ಇಲಾಖೆಯ ಗಮನಕ್ಕೇ ಬಂದಿರಲಿಲ್ಲ.

ಟೋಕಿಯೋದ ಹನೇಡಾದಲ್ಲಿ 2024ರ ಜನವರಿ 2ರಂದು ಬೇರೆ ಬಗೆಯ ಅಂತರ ಕಾಣಿಸಿತು. ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯಲು ನಿಂತಿದ್ದ ಕೋಸ್ಟ್ ಗಾರ್ಡ್ ವಿಮಾನ ಅನುಮತಿ ಇದೆಯೆಂದು ತಪ್ಪಾಗಿ ತಿಳಿದು ರನ್‌ವೇಗೆ ಬಂದು ಸುಮಾರು 40 ಸೆಕೆಂಡು ನಿಂತಿತ್ತು. ಟವರ್‌ನ ಪರದೆಯಲ್ಲಿ ಎಚ್ಚರಿಕೆಯ ಬಣ್ಣ ಮೂಡಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ. ಇಳಿದ ಜಪಾನ್ ಏರ್‌ಲೈನ್ಸ್ ವಿಮಾನ ಹೊತ್ತಿ ಉರಿದರೂ ಅದರಲ್ಲಿದ್ದ 379 ಜನ ಹೊರಬಂದದ್ದು ಸಿಬ್ಬಂದಿಯ ಶಿಸ್ತಿನಿಂದ. ಕೋಸ್ಟ್ ಗಾರ್ಡ್‌ನ ಆರು ಜನರಲ್ಲಿ ಐವರು ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಜಪಾನ್ ಆ ಪರದೆಯನ್ನು ನೋಡುವುದಕ್ಕೆಂದೇ ಒಬ್ಬರನ್ನು ಕೂರಿಸಿತು. ಯಂತ್ರ ಎಚ್ಚರಿಸಿದರೆ ಸಾಲದು, ಆ ಎಚ್ಚರಿಕೆ ಯಾರ ಹೊಣೆ ಎಂಬುದೂ ನಿಗದಿಯಾಗಿರಬೇಕು.

ನಮ್ಮಲ್ಲೂ ಇನ್ನೊಬ್ಬರ ಕಿವಿ ಕಾಪಾಡಿದ ಉದಾಹರಣೆ ಇದೆ. 2023ರ ಆಗಸ್ಟ್ 23ರಂದು ದೆಹಲಿಯಲ್ಲಿ ಬಾಗ್ಡೋಗ್ರಾಕ್ಕೆ ಹೊರಟ ವಿಸ್ತಾರಾ ವಿಮಾನಕ್ಕೆ ಟೇಕಾಫ್ ಅನುಮತಿ ಸಿಕ್ಕಿತ್ತು. ಅಹಮದಾಬಾದಿನಿಂದ ಬಂದಿಳಿದ ಅದೇ ಸಂಸ್ಥೆಯ ವಿಮಾನಕ್ಕೆ ಅದೇ ರನ್‌ವೇ ದಾಟಲು ಅನುಮತಿ ಸಿಕ್ಕಿತ್ತು. ದಾಟಬೇಕಿದ್ದ ವಿಮಾನದ ಮಹಿಳಾ ಕ್ಯಾಪ್ಟನ್ ಇದನ್ನು ಗಮನಿಸಿ ಟವರ್ ಅನ್ನು ಎಚ್ಚರಿಸಿದರು. ಟೇಕಾಫ್ ರದ್ದಾಯಿತು. ಪದವಿ, ಹಿರಿತನ ನೋಡದೆ, ‘ಕಂಟ್ರೋಲರ್ ಹೇಳಿದ ಮೇಲೆ ಸರಿಯೇ ಇರಬೇಕು’ ಎಂದು ಸುಮ್ಮನಾಗದೆ ಮಾತಾಡಿದ್ದರಿಂದ ಆದ ಉಪಕಾರ ಅದು.

ಹಾಗಾದರೆ ಮಾಡಬೇಕಾದದ್ದೇನು? ವಿದ್ಯೆ ಹೊಸತೇನಲ್ಲ. ರನ್‌ವೇ ಮುಚ್ಚಿದರೆ ಅದರ ಸಾಲಿನಲ್ಲಿ ಕೆಂಪು ಸ್ಟ್ರಿಪ್ ಅಡ್ಡಲಾಗಿ ಇಡುವುದು ಎಷ್ಟೋ ಟವರ್‌ಗಳಲ್ಲಿ ಹಳೆಯ ಪದ್ಧತಿ. ಬಾಯಲ್ಲಿ ಅನುಮತಿ ಹೊರಡುವ ಮುಂಚೆ ಕಣ್ಣಿಗೆ ಕೆಂಪು ತಾಗಬೇಕು. ರನ್‌ವೇ ಬದಲಿಸುವ ನಿರ್ಧಾರ ಶಿಫ್ಟ್ ಇನ್‌ಚಾರ್ಜ್ ಹೇಳಿದ ಕ್ಷಣಕ್ಕೆ ಜಾರಿಯಾಗಬಾರದು. ಡೆಲಿವರಿ, ಗ್ರೌಂಡ್, ಎರಡೂ ಟವರ್, ಅಪ್ರೋಚ್, ಒಬ್ಬೊಬ್ಬರೂ ತಿರುಗಿ ಹೇಳಿದ ಮೇಲಷ್ಟೇ ಜಾರಿಯಾಗಬೇಕು. ಅಮೆರಿಕದ ಕಂಟ್ರೋಲರ್‌ಗಳು ತಮ್ಮತಮ್ಮಲ್ಲಿ ಫೋನಿನ ಮಾತು ಮುಗಿಸುವಾಗ ತಮ್ಮ ಗುರುತಿನ ಎರಡಕ್ಷರ ಹೇಳುತ್ತಾರೆ. ಹೇಳಿದವರು ಯಾರು, ಕೇಳಿದವರು ಯಾರು ಎಂಬುದು ಧ್ವನಿಮುದ್ರಣದಲ್ಲಿ ಉಳಿಯುತ್ತದೆ. ಇದಕ್ಕೆ ಹಿಡಿಯುವುದು ಎರಡು ಸೆಕೆಂಡು. ಇಂಥ ಸಣ್ಣ ರೂಢಿಗಳನ್ನು ‘ಅದೆಲ್ಲ ಗೊತ್ತಿರುವುದೇ’ ಎಂದು ಬಿಡುವ ದಿನವೇ ಅಪಾಯ ಒಳಬರುತ್ತದೆ. ಜನ ಸಾಲದಾದಾಗ ಕುರ್ಚಿಗಳನ್ನು ಒಂದುಗೂಡಿಸಿ, ಇರುವವರಿಂದಲೇ ನಡೆಸಿಬಿಡುವ ಅಭ್ಯಾಸಕ್ಕೂ ಇದೇ ಮಾತು ಸಲ್ಲುತ್ತದೆ. ಬೆಂಗಳೂರಿನ ಆಕಾಶದಲ್ಲಿ ದೇವನಹಳ್ಳಿಯ ಜೊತೆ ಯಲಹಂಕದ ವಾಯುನೆಲೆ, ಹಳೆಯ ಎಚ್‌ಎಎಲ್ ನಿಲ್ದಾಣ, ಜಕ್ಕೂರಿನ ತರಬೇತಿ ವಿಮಾನಗಳೂ ಪಾಲುದಾರರು. ಇಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುವುದು ಪ್ರತಿ ಗಂಟೆಯ ಅಗತ್ಯ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಜನವರಿ 7ರ ಘಟನೆ ಯಾವ ಲಾಗ್‌ಬುಕ್ಕಿನಲ್ಲೂ ದಾಖಲಾಗಿರಲಿಲ್ಲ. ವಾಯು ಸಂಚಾರ ನಿಯಂತ್ರಣದ ಹೊಣೆ ಹೊತ್ತ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಅದನ್ನು ಮೇಲಕ್ಕೆ ವರದಿಯನ್ನೂ ಮಾಡಿರಲಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರಿಶೀಲನೆಯಿಂದ ಸುದ್ದಿ ಜನರಿಗೆ ತಿಳಿಯುವಾಗ ಎರಡು ವಾರ ಆಗುತ್ತಾ ಬಂದಿತ್ತು. ಆಮೇಲೆ ವಿಮಾನ ಅಪಘಾತ ತನಿಖಾ ಬ್ಯೂರೋ ಅದನ್ನು ಗಂಭೀರ ಘಟನೆಯೆಂದು ಕೈಗೆತ್ತಿಕೊಂಡಿತು. ದಕ್ಷಿಣ ಟವರ್‌ಗೆ ಮಾತು ತಲುಪದೆ ಹೋದದ್ದು ಆ ಬೆಳಗಿನ ಮೊದಲ ವೈಫಲ್ಯ. ಆದದ್ದನ್ನು ಬರೆದಿಡದೆ ಹೋದದ್ದು ಎರಡನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ದೊಡ್ಡದು. ಮೊದಲನೆಯದು ಗಡಿಬಿಡಿಯಲ್ಲಿ ಆದದ್ದು. ಎರಡನೆಯದಕ್ಕೆ ಗಡಿಬಿಡಿಯ ನೆಪವಿಲ್ಲ. ಕೂದಲೆಳೆಯಲ್ಲಿ ತಪ್ಪಿದ ದುರಂತ ಪ್ರಾಣಹಾನಿಯಿಲ್ಲದೆ ಸಿಕ್ಕ ಪಾಠ. ಬರೆದಿಡದಿದ್ದರೆ ಮುಂದಿನ ಪಾಳಿಗೆ, ಮುಂದಿನ ಊರಿನ ಟವರ್‌ಗೆ ಅದು ತಲುಪುವುದೇ ಇಲ್ಲ.

ಜನ ಯಾಕೆ ಬರೆಯುವುದಿಲ್ಲ ಎಂದರೆ ಭಯ. ಅಮಾನತು, ತನಿಖೆ, ಪತ್ರಿಕೆಯಲ್ಲಿ ಹೆಸರು. ಅಮೆರಿಕದಲ್ಲಿ 1976ರಿಂದ ನಾಸಾ ಸಂಸ್ಥೆಯೇ ಒಂದು ವರದಿ ವ್ಯವಸ್ಥೆ ನಡೆಸುತ್ತಿದೆ. ಪೈಲಟ್‌ಗಳು, ಕಂಟ್ರೋಲರ್‌ಗಳು ತಮ್ಮಿಂದಲೇ ಆದ ತಪ್ಪನ್ನೂ ಅಲ್ಲಿ ಬರೆದು ಕಳಿಸಬಹುದು, ಹೆಸರು ಗುಟ್ಟಾಗಿರುತ್ತದೆ. ಶಿಕ್ಷಿಸುವ ಇಲಾಖೆಯ ಕೈಗೆ ಕೊಡದೆ ಬೇರೆ ಸಂಸ್ಥೆಗೆ ವಹಿಸಿದ್ದರಿಂದಲೇ ಜನ ಅದನ್ನು ನಂಬಿದರು. ಬೇಕೆಂದೇ ನಿಯಮ ಮುರಿದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಾಮಾಣಿಕವಾಗಿ ದುಡಿಯುವಾಗ ಮರೆತವರನ್ನು, ಮರೆತೆ ಎಂದು ತಾವೇ ಹೇಳಿದವರನ್ನು ಕುರ್ಚಿಯಿಂದ ಎಳೆದು ಹಾಕಿದರೆ ಮುಂದಿನವರು ಬಾಯಿ ಬಿಡುವುದಿಲ್ಲ.

ವಿಮಾನ ಹತ್ತುವ ನಾವೂ ಈ ವ್ಯವಸ್ಥೆಯ ಹೊರಗಿಲ್ಲ. ರನ್‌ವೇ ಬದಲಾವಣೆಗೆಂದು ಹತ್ತು ನಿಮಿಷ ತಡವಾದರೆ ಗೊಣಗದೆ ಕೂರೋಣ. ಟವರ್‌ನಲ್ಲಿ ಯಾರೋ ಇನ್ನೊಬ್ಬರಿಗೆ ಮಾತು ಮುಟ್ಟಿಸಿ, ತಿರುಗಿ ಹೇಳಿಸಿಕೊಳ್ಳುತ್ತಿರಬಹುದು. ಹಾಗೆಯೇ ಪ್ರಾಧಿಕಾರವನ್ನು, ಸರ್ಕಾರವನ್ನು ಕೇಳಬೇಕಾದದ್ದನ್ನು ಕೇಳೋಣ: ಪ್ರತಿ ಪಾಳಿಯಲ್ಲಿ ಸಾಕಷ್ಟು ಜನರಿರಲಿ, ಪ್ರತಿ ಹಾಟ್‌ಲೈನ್ ದಿನವೂ ಪರೀಕ್ಷೆಯಾಗಲಿ, ತಪ್ಪಿದ ಪ್ರತಿ ಅಪಾಯ ಅಂದೇ ಲಾಗ್‌ಬುಕ್ಕಿಗೆ ಏರಲಿ, ಬರೆದವರಿಗೆ ರಕ್ಷಣೆ ಸಿಗಲಿ. ಆ ಬೆಳಗ್ಗೆ 426 ಜನರನ್ನು ಉಳಿಸಿದ್ದು ರೇಡಾರ್ ಮುಂದಿದ್ದ ಒಬ್ಬರ ಎಚ್ಚರ. ಪ್ರತಿ ಬೆಳಗ್ಗೆಯೂ ಒಬ್ಬರ ಎಚ್ಚರವನ್ನೇ ನಂಬಿ ಕೂರುವುದು ವ್ಯವಸ್ಥೆ ಅನ್ನಿಸಿಕೊಳ್ಳುವುದಿಲ್ಲ.